ಗಂಜಿಯ ತೂಕ

ನೇವಿ ಸಾಹೇಬರ ಬಿಳೀ ಪ್ಯಾಂಟಿನ ಮ್ಯಾಲೆ
ಒಂದು ಅಕ್ಕಿಕಾಳು.
ಬೆರಳಿಂದ ಸರಸಾಕ ಹೋದೆ,
ಕಾಳು ತಾನ ಸರೀತು.

ಇಸ್ತ್ರಿಪೆಟಿಗಿ ಎತ್ತಿ ಬದಿಗಿಟ್ಟೆ.
ಒಳಗ ಕೆಂಡ ಚಿಟ್ ಅಂತು.
ಬಟ್ಟಿಗಂಟಿನ ಮ್ಯಾಲಿದ್ದ ಬೆಕ್ಕು ಒಂದು ಕಣ್ಣು ತೆರೆದು
ಈ ಮಾತಿಗೂ ತನಗೂ ಸಂಬಂಧ ಇಲ್ಲ ಅನ್ನುವಂಗ
ಮತ್ತ ಮುಚ್ಚಿತು.

ಹೆಸರು ಗಂಜಿ.
ವಾಸ್ಕೋಕ್ಕ ಬಂದ ವರ್ಷ, ಬೈನಾದ ಇದ ಗಲ್ಲಿಯೊಳಗ,
ಗಂಜಿ ಬಕೀಟಿಗೆ ಬಿದ್ದ ಮರಿ
ಬಿಸಿಲಿಗೆ ಒಣಗಿ, ಮೀಸಿ ಸಮೇತ ಸೆಟೆದು ನಿಂತಿತ್ತು,
ಇನ್ನೇನು ಮಡಚಿ ಇಡಬೇಕು ಅನ್ನುವಂಗ.

ಎದುರುಮನಿ ಎರ್ಮೆಲಿಂಡಾ ಬಾಲ ಎತ್ತಿ ನೋಡಿ
ಕೊಂಕಣಿಯೊಳಗ ಏನೋ ಅಂದಳು.
ನನಗ ತಿಳೀಲಿಲ್ಲ. ಎರಡೂ ಕೈ ಅಗಲಿಸಿ
ಉದ್ದಕ್ಕ ಎಳೆದು ತೋರಿಸಿದಳು. ಲಾಡಿ.
ದಿನಕ್ಕ ಎಷ್ಟು ಲಂಗದ ಲಾಡಿ ಸಾಪ ಮಾಡ್ತೀನಿ,
ಹೊಟ್ಟಿಯೊಳಗಿನ ಲಾಡಿಹುಳಕ್ಕ ಯಾವ ಶಾಖ ಕೊಡಲಿ?

ಬಳ್ಳೊಳ್ಳಿ ಜಜ್ಜಿ ಹಾಲಿಗೆ ಹಾಕು ಅಂದ ಯಮನಪ್ಪ.
ಗಂಜಿ ಮೂಸಿ, ಅವನ್ನ ನೋಡಿ, ಹೊರಗ ಹೋತು.
ಬಳ್ಳೊಳ್ಳಿ ಬೆಕ್ಕಿಗೆ ವಿಷ ಅಂತ
ಆಮ್ಯಾಲೆ ಡಾಕ್ಟರಬಾಯಿ ಬೈದಳು.
ಮನಿಯೊಳಗ ಅದಕ್ಕೊಂದಕ್ಕ ಬುದ್ಧಿ ಇತ್ತು.

ಮೆಡಿಕಲ್ಲಿನ ಸಿನಾರಿ ಗಾಜಿನ ಮ್ಯಾಲೆ ಮೂರು ಇಟ್ಟ.
ಕುತ್ತಿಗಿಗೆ ಹನಿಸೂದು, ಎಂಟುನೂರು.
ಅಂಗಿಗೆ ಹತ್ತರಂಗ ಮನಸಿನೊಳಗ ಎಣಿಸಿದೆ:
ಎಂಬತ್ತು ಅಂಗಿ,
ಒಂದು ಬೆಕ್ಕಿನ ಕುತ್ತಿಗಿ ಮ್ಯಾಲೆ.
ಮೂವತ್ತೈದರ ಸಿರಪ್ಪಿಗೆ ಕೈ ಚಾಚಿದೆ.
"ಅದು ದುಂಡುಹುಳಕ್ಕ. ನಿಮ್ಮ ಹುಳಕ್ಕ ಅದು ಬರೇ ಶರಬತ್ತು."
ಮೂರನೇದು ಗುಳಿಗಿ. ಒಂದಕ್ಕ ಎಪ್ಪತ್ತು.
"ನಾಲ್ಕು ಕಿಲೋಕ್ಕ ಒಂದು. ಬೆಕ್ಕು ಎಷ್ಟೈತಿ?"

ಯಾರು ತೂಗ್ಯಾರ ಬೆಕ್ಕನ್ನ?

ತಲಿದಿಂಬಿನ ಚೀಲಕ್ಕ ಇಳಿಸಿ
ಸೊಪ್ಪಿನ ಲಾಲಬಿಯ ಕೊಕ್ಕಿತಕ್ಕಡಿಗೆ ತೂಗಹಾಕಿದೆ.
ಮುಳ್ಳು ಕುಣೀತು, ಚೀಲ ಬೈತು.
ಬಂದ ಗಿರಾಕಿ ಕೇಳಿದ: ಇದು ಹೆಂಗ ಕಿಲೋ?
ಲಾಲಬಿ ಅಂದಳು: ಇದು ಮಾರೂದಲ್ಲಪಾ,
ಮೂರಕ್ಕ ನಿಂತೈತಿ, ಮೆಂತ್ಯ ಬೇಕಾ?

ಮೂರು ಕಿಲೋ. ಮುಕ್ಕಾಲು ಗುಳಿಗಿ.
ರೊಕ್ಕ ಕೊಟ್ಟೀವಿ, ಪೂರಾ ಹಾಕು ಅಂದ ಯಮನಪ್ಪ.
ರೊಕ್ಕದ ತೂಕ ಅಲ್ಲ ಇದು ಅಂದೆ.

ಬಂಗಡೆಯೊಳಗ ಮುಚ್ಚಿಕೊಟ್ಟೆ.
ಬಂಗಡೆ ಹೋತು, ಗುಳಿಗಿ ನೆಲದ ಮ್ಯಾಲೆ
ನೆಕ್ಕಿ ತೊಳೆದಂಗ ಕೂತಿತ್ತು.
ಕಡೀಕ ನನಗ ಗೊತ್ತಿದ್ದ ಕೆಲಸ ಮಾಡಿದೆ:
ಟವೆಲ್ ಹಾಸಿ, ಅಂಗಿ ಮಡಚಿದಂಗ ಮಡಚಿದೆ,
ಎಡತೋಳು ಒಳಗ, ಬಲತೋಳು ಒಳಗ,
ಕಾಲರಿನಿಂದ ಮೋತಿ ಅಷ್ಟ ಮ್ಯಾಲೆ.
ಬಾಯಿ ತೆರೆದು, ನಾಲಿಗಿ ಬುಡಕ್ಕ, ಗಂಟಲು ಸವರಿ…
ನುಂಗಿತು. ನನ್ನ ಹೆಬ್ಬೆರಳಿಗೆ ಎರಡು ತೂತು.

ಸರಕಾರಿ ದವಾಖಾನಿ ಡಾಕ್ಟರಬಾಯಿ ಬೆರಳು ನೋಡಿ ಸೂಜಿ ಹಾಕಿಸಿಕೋ ಅಂದಳು,
ಬೆಕ್ಕಿನ ತುಪ್ಪಳ ಬಿಡಿಸಿ, ಚಿಗಟ ತೋರಿಸಿದಳು.
"ಹುಳದ ಬೀಜ ಇದರ ಹೊಟ್ಟಿಯೊಳಗ.
ಇದನ್ನ ಬಿಟ್ಟು ಅದನ್ನ ಕೊಂದರ
ಒಂದು ತಿಂಗಳಿಗೆ ಮತ್ತ ಎಪ್ಪತ್ತು.
ಅಗ್ಗ ಅಂತ ನಾಯಿ ಚಿಗಟದ ಔಷಧ ಗಿವಷಧ ಹಚ್ಚೀ,
ಚಿಗಟಕ್ಕಿಂತ ಮೊದಲು ಬೆಕ್ಕು ಸತ್ತೀತು."

ಮನಿಗೆ ಬಂದು ಕೆಂಡ ಊದಿದೆ.
ಅದು ಮಲಗೂ ಗೋಣಿ, ಮೂಲಿಯ ಚಿಂದಿ, ಗಂಟಿನ ಅರಿವಿ,
ನೀರು ಚಿಮುಕಿಸಿ, ಹೊಲಿಗಿ ಹೊಲಿಗಿಗೂ ಒತ್ತಿದೆ.
ಚಟ್. ಚಟ್.
ಹದಿನಾಲ್ಕು ವರ್ಷ ಊರಿನ ಸುಕ್ಕು ತೆಗೆದ ಪೆಟಿಗಿ,
ಇವತ್ತ ಮೊದಲನೇ ಸಲ ನಮ್ಮ ಮನಿದು.
ಸಂಜಿಮುಂದ ಅವ್ವನ ಸೀರಣಿಗಿಯಿಂದ ಗಂಜಿಯ ಮೈ ಬಾಚಿ
ಸಬಕಾರದ ನೀರಿಗೆ ಜಾಡಿಸಿದೆ. ದಿನಾ, ಇಪ್ಪತ್ತು ದಿನ.
ಗುಳಿಗಿಯ ತಾರೀಖು ಗ್ವಾಡಿ ಮ್ಯಾಲೆ ಇದ್ದಲಿಂದ ಬರೆದೆ.

ಸಾಹೇಬರ ಪ್ಯಾಂಟು ಮೂರು ಸಲ ಒಗೆದು,
ಕತ್ತಿಯಂಥಾ ಗೀರು ಹಾಕಿ ಒಯ್ದು ಕೊಟ್ಟೆ.
ಎರಡು ದಿನ ತಡ ಯಾಕ ಅಂತ ಮೇಮಸಾಬ ಕೇಳಿದಳು.
ಗಂಜಿ ಸರಿ ಇರಲಿಲ್ಲ ಬಾಯಿ, ಅಂದೆ.